ಗಾಜಿನ ಪೆಟ್ಟಿಗೆಯ ಬೆತ್ತ

೩ ಫೆಬ್ರವರಿ ೨೦೧೩, ಭಾನುವಾರ
ಉಪ್ಪುನೀರಿನ ಗಾರ್ಗಲ್. ಗಂಟಲು ಸರಿಯಿದೆ. ಸಾನಪಾಡಾದಿಂದ ಠಾಣೆ ಲೋಕಲ್, ಅಲ್ಲಿಂದ ನೌಪಾಡಾ. ನಾಟಕಕಾರ ಮುಂಡಪ್ಪ — ನನ್ನ ಭಾವ — ಬದುಕಿದ್ದ ಫ್ಲ್ಯಾಟು ಈಗ ಮ್ಯೂಸಿಯಂ. ಕನ್ನಡಕ, ಪೆನ್ನು, ಹಸ್ತಪ್ರತಿ, ಪ್ರಶಸ್ತಿಗಳ ಕಪಾಟು. ಹಿಂದೆ ಹಿಂದೆಯೇ ಅವನ ಹೆಂಡತಿ, ನನ್ನ ತಂಗಿ ದಮಯಂತಿ, ಒರೆಸುವ ಬಟ್ಟೆ ಹಿಡಿದು. ಕೊನೆಯ ಗಾಜಿನ ಪೆಟ್ಟಿಗೆಯಲ್ಲಿ ಬೆತ್ತ. ಚೀಟಿ: ‘ಲೇಖಕರ ವಾಯುವಿಹಾರದ ಸಂಗಾತಿ’.
ವಾಯುವಿಹಾರ... ಸ್ಟೇಷನ್ನಿಗೂ ರಿಕ್ಷಾ ಹತ್ತುತ್ತಿದ್ದ ಮನುಷ್ಯ.
ಅವಳ ಮಗ ಯೋಗೀಶ: “ಮಾವ, ಹದಿನೇಳಕ್ಕೆ ಓಪನಿಂಗ್. ಅಪ್ಪನ ನಾಟಕದ ಮೂರನೇ ಅಂಕ ನೀವೇ ಮಾಡಬೇಕು. ಒರಿಜಿನಲ್ ಬೆತ್ತವೇ ಕೊಡ್ತೇನೆ.”
ಒಪ್ಪಿಬಿಟ್ಟೆ.

೫ ಫೆಬ್ರವರಿ
ಮೂರನೇ ಅಂಕ. ಗಂಡ ಹೆಂಡತಿಯನ್ನು ಬಡಿಯುವ ದೃಶ್ಯ. ಮೂವತ್ತು ವರ್ಷ ಆ ಗಂಡ ನಾನೇ. ಡೊಂಬಿವಲಿಯಲ್ಲಿ ಸಿಳ್ಳೆ, ಕಲ್ಯಾಣದಲ್ಲಿ ಒನ್ಸ್‌ಮೋರ್. ಭಾವ ಕಲಿಸಿದ್ದು ಕಿವಿಯಲ್ಲೇ ಇದೆ: “ಭುಜದಿಂದಲ್ಲ ರಘುಪತಿ, ಸೊಂಟದಿಂದ ಬೀಸು. ಮೂರನೇ ಪೆಟ್ಟಿಗೆ ಅವಳು ಅಳುವುದು ನಿಲ್ಲಿಸ್ತಾಳೆ. ಅಲ್ಲಿ ಸ್ವಲ್ಪ ನಿಲ್ಲು.”
ಎಂಥ ಸೂಕ್ಷ್ಮ ಎಂದು ಬೆರಗಾಗಿದ್ದೆ. ಆ ವಾರವೇ ತಂಗಿಯ ಮಣಿಕಟ್ಟು ಮುರಿದಿತ್ತು. ಬಾತ್‌ರೂಮಿನಲ್ಲಿ ಜಾರಿದಳಂತೆ. ಬೆನ್ನಿನ ಬಾಸುಂಡೆ ಕಂಡಿದ್ದೆ. ಆದರೂ ನಂಬಿದೆ. ನಂಬಿದವನ ಪಾತ್ರ ಮಾಡಿದೆ.

೧೦ ಫೆಬ್ರವರಿ
ದಮಯಂತಿಗೆ ಫೋನ್ ಮಾಡಿ ಹೇಳಿದೆ, ಬೆತ್ತದ ಆ ಚೀಟಿ ಕಿತ್ತುಹಾಕು.
“ಸತ್ತವರ ಹತ್ತಿರ ಎಂಥ ಜಗಳ ಅಣ್ಣ? ಯೋಗಿಗೆ ಗೊತ್ತಾಗಬಾರದು ಅಂತಲೇ ಅವನನ್ನು ಬೋರ್ಡಿಂಗಿಗೆ ಹಾಕಿದ್ದು.”
“ಈಗ ಗೊತ್ತಾಗಲಿ.”
“ಆಗ ಬಾಯಿ ಬಿಡದವ ಈಗ ಡೈಲಾಗ್ ಹೊಡೆಯಬೇಡ.”
ಇಟ್ಟುಬಿಟ್ಟಳು.

೧೭ ಫೆಬ್ರವರಿ, ರಾತ್ರಿ ೧೧
ತುಟಿಗೆ ಐಸ್.
ಫ್ಲ್ಯಾಟಿನ ಹಾಲ್ ತುಂಬ ಜನ. ಹೆಂಡತಿಯ ಪಾತ್ರದ ಹುಡುಗಿ ರಮಿತಾ ಕಾಲ ಬಳಿ ಕುಸಿದಳು. ಬೆತ್ತ ಎತ್ತಿದೆ. ಸೊಂಟದಿಂದ ಬೀಸಿದೆ — ಗೋಡೆಯಲ್ಲಿದ್ದ ಭಾವನ ಫೋಟೋಗೆ. ಗಾಜು ಸಿಡಿದು ನನ್ನ ಹಣೆ ಸೀಳಿತು. ಎರಡನೆಯದು ಪ್ರಶಸ್ತಿಗಳ ಕಪಾಟಿಗೆ. ಯೋಗೀಶ ಕಾಲರ್ ಹಿಡಿದು ಗೋಡೆಗೆ ಅಪ್ಪಳಿಸಿದ. ಮುಖಕ್ಕೆ ಗುದ್ದಿದ. ಬಾಯಲ್ಲಿ ರಕ್ತ. ಬೆತ್ತ ಕಿತ್ತುಕೊಂಡು ಎತ್ತಿದ.
ಅವನ ಸೊಂಟ ತಿರುಗಿತು. ಅದೇ ತಿರುವು. ಯಾರೂ ಕಲಿಸದೆ.
ಮೊದಲ ಸಾಲಿನಿಂದ ದಮಯಂತಿ ಎದ್ದಳು. “ಯೋಗಿ, ಕೆಳಗಿಡು. ನಿನ್ನ ಅಪ್ಪ ಮೂವತ್ತೊಂದು ವರ್ಷ ನನ್ನನ್ನು ಹೊಡೆದದ್ದು ಅದರಲ್ಲೇ.”
ಹಿಂದಿನ ಸಾಲಿನವರು ನಾಟಕವೆಂದೇ ತಿಳಿದು ಚಪ್ಪಾಳೆ ತಟ್ಟಿದರು.

೧೮ ಫೆಬ್ರವರಿ
ಬೆಳಿಗ್ಗೆಯೇ ಯೋಗೀಶ ಬಾಗಿಲಲ್ಲಿ. ಒಳಗೆ ಬರಲಿಲ್ಲ.
“ಮಾವ, ನಿಮಗೆ ಮೊದಲೇ ಗೊತ್ತಿತ್ತಾ?”
ಸಾವಿರ ಜನಕ್ಕೆ ಮೈಕಿಲ್ಲದೆ ಕೇಳಿಸಿದ ಗಂಟಲು. ಗೊತ್ತಿತ್ತು ಎನ್ನಲು ಹೋಗಿ ಕೆಮ್ಮಿದೆ. ನೀರು ಕುಡಿದೆ. ಮತ್ತೆ ಶುರು ಮಾಡಿದೆ. “ಯೋಗಿ, ಆ ಕಾಲದಲ್ಲಿ ನಾನು —”