ಬಾರದ ಜ್ವರಕ್ಕೆ ಮೊಹರು ಕೇಳುವ ಕಚೇರಿಗೆ

ಮೇಲ್ಮನವಿ ನ್ಯಾಯಾಲಯದ ಮಾನ್ಯ ಶಿರಸ್ತೇದಾರರೇ,

ವಜಾ ಆದ ಮೇಲ್ಮನವಿಯನ್ನು ಮತ್ತೆ ತೆರೆಯಿರಿ ಎಂದು ಕೇಳುವ ನನ್ನ ಅರ್ಜಿಯನ್ನು ನಿಮ್ಮ ಕಚೇರಿ ಎರಡನೇ ಸಲ ಹಿಂದಿರುಗಿಸಿದೆ. ಅದರಲ್ಲಿ ನಿಜ ಬರೆದಿರುವುದೇ ತಪ್ಪಾಯಿತು. ಆಕ್ಷೇಪಣೆಯ ಚೀಟಿಯಲ್ಲಿ ಹಾಗೆಂದಿಲ್ಲ, ಒಪ್ಪುತ್ತೇನೆ. "ಗೈರುಹಾಜರಿಯ ಕಾರಣಕ್ಕೆ ದಾಖಲೆ ಲಗತ್ತಿಸಿಲ್ಲ" ಎಂದಷ್ಟೇ ಇದೆ. ಅದರ ಅರ್ಥವನ್ನು ಕೌಂಟರಿನಲ್ಲಿ ಕೂತ ನಿಮ್ಮ ಸಿಬ್ಬಂದಿ ಬಿಡಿಸಿ ಹೇಳಿದರು: "ಒಂದು ಮೆಡಿಕಲ್ ಸರ್ಟಿಫಿಕೇಟ್ ತಂದ್ಬಿಡಿ ಸಾರ್. ಎಲ್ಲಾರೂ ಅದನ್ನೇ ಹಾಕೋದು." ನನಗೆ ಕಾಯಿಲೆ ಇರಲಿಲ್ಲ ಎಂದೆ. ಅವರಿಗೆ ನನ್ನ ಮೇಲೆ ನಿಜಕ್ಕೂ ಕನಿಕರ ಹುಟ್ಟಿದಂತೆ ಕಂಡಿತು.

ಈ ಬಹಿರಂಗ ಪತ್ರವನ್ನು ನಿಮ್ಮ ಜೊತೆ ಊರವರೂ ಓದುವುದರಿಂದ ನನ್ನ ಪರಿಚಯ ಹೇಳಬೇಕು. ಊರು ಬಾಗಲಕೋಟೆ ಕಡೆ. ಬೆಂಗಳೂರಿನ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಉಕ್ಕಿನ ಗಿಯರ್ ಚಕ್ರಗಳನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದುವ ಫರ್ನೇಸ್ ನೋಡಿಕೊಳ್ಳುತ್ತೇನೆ. ಬಾಗಲಗುಂಟೆಯಲ್ಲಿ ಒಂದು ಪುಟ್ಟ ಸೈಟು ಕೊಂಡು ಶೀಟಿನ ಮನೆ ಕಟ್ಟಿದೆ. ಸೈಟು ಮಾರಿದ ಹಿರಿಯರು ತೀರಿಕೊಂಡ ಮೇಲೆ ಅವರ ಮಕ್ಕಳು ಅದನ್ನೇ ಇನ್ನೊಬ್ಬರಿಗೂ ಮಾರಿದರು. ಆ ಇನ್ನೊಬ್ಬರು ದಾವೆ ಹೂಡಿ ಗೆದ್ದರು, ನಾವು ಮನೆ ಬಿಡಬೇಕೆಂದು ತೀರ್ಪಾಯಿತು. ಅಂದಿನಿಂದ ನಮ್ಮ ವಕೀಲರು ಫೋನ್ ಎತ್ತುವುದನ್ನು ನಿಲ್ಲಿಸಿದರು. ನಾನೇ ಮೇಲ್ಮನವಿ ಹಾಕಿಕೊಂಡೆ.

ಕಾನೂನಿನಲ್ಲಿ ಅದಕ್ಕೆ ಅವಕಾಶವಿದೆ. ನಿಮ್ಮ ಕೌಂಟರಿನಲ್ಲಿ ಇದ್ದಂತಿಲ್ಲ. ತೀರ್ಪಿನ ದೃಢೀಕೃತ ಪ್ರತಿ ಕೊಟ್ಟೆ, ನ್ಯಾಯಾಲಯ ಶುಲ್ಕ ಕಟ್ಟಿದೆ, ತಡವಾದದ್ದಕ್ಕೆ ಮನ್ನಿಸುವಂತೆ ಬೇರೆ ಅರ್ಜಿ ಹಾಕಿದೆ. ಆಗ ಬಂದ ಮೊದಲ ಆಕ್ಷೇಪಣೆ ಏನು ಗೊತ್ತೇ? ವಕಾಲತ್ತು ಇಲ್ಲ! ನನ್ನ ಪರವಾಗಿ ವಾದಿಸಲು ನನಗೆ ನಾನೇ ಅಧಿಕಾರ ಬರೆದುಕೊಡಬೇಕಿತ್ತೇ? ಆಮೇಲೆ ಸಹಿಯನ್ನಾದರೂ ಯಾರು ಗುರುತಿಸಬೇಕು, ಹೆಂಡತಿಯೇ? ಹೇಗೋ ಅದು ದಾಟಿ, ಪೀಠದ ಮುಂದೆ ನಿಂತು, ಮನೆ ಬಿಡಿಸದಂತೆ ತಡೆಯಾಜ್ಞೆ ತಂದೆ. ಆ ದಿನ ಮಹಾದೇವಿ, ನನ್ನ ಹೆಂಡತಿ, ಹೋಳಿಗೆ ಮಾಡಿದಳು.

ಈಗ ಆ ಗೈರುಹಾಜರಿಯ ಮಾತು. ವಾದದ ಹಿಂದಿನ ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ನೇರ ಕೋರ್ಟಿಗೆ ಬರುವುದೆಂದು ಇಸ್ತ್ರಿ ಮಾಡಿದ ಅಂಗಿ ಚೀಲದಲ್ಲಿಟ್ಟುಕೊಂಡೇ ಕೆಲಸಕ್ಕೆ ಹೋಗಿದ್ದೆ. ನಮ್ಮಲ್ಲಿ ಒಂದು ಕಟ್ಟುಪಾಡಿದೆ. ಮುಂದಿನ ಪಾಳಿಯವನು ಬಂದು "ನಾ ನೋಡ್ಕೋತೀನಿ" ಎನ್ನುವವರೆಗೆ ಫರ್ನೇಸ್ ಬಿಟ್ಟು ಕದಲುವಂತಿಲ್ಲ. ಒಳಗೆ ಮಾಲು ಕಾದಿರುವಾಗ ಹೊತ್ತು ತಪ್ಪಿದರೆ ಎಣ್ಣೆಗೆ ಬೆಂಕಿ ಹತ್ತುತ್ತದೆ. ಪಕ್ಕದಲ್ಲೇ ಹೆಣ್ಣುಮಕ್ಕಳು ಪ್ಯಾಕಿಂಗ್ ಮಾಡುತ್ತಿರುತ್ತಾರೆ. ನನ್ನನ್ನು ಬಿಡಿಸಬೇಕಾದವನು ರುದ್ರೇಶ್. ಆ ಬೆಳಗ್ಗೆ ಅವನ ಹೆಂಡತಿಗೆ ಹೆರಿಗೆ ನೋವು ಬಂತು. ಹುಟ್ಟುವ ಕೂಸು ನಿಮ್ಮ ಕೇಸುಗಳ ಪಟ್ಟಿ ನೋಡಿಕೊಂಡು ಹುಟ್ಟಲಿಲ್ಲ. ರುದ್ರೇಶ್ ಓಡಿಬರುವ ಹೊತ್ತಿಗೆ, ನಾನು ಆಟೋ ಹಿಡಿದು ನಿಮ್ಮ ಮೆಟ್ಟಿಲು ಹತ್ತುವ ಹೊತ್ತಿಗೆ, ನನ್ನ ಹೆಸರು ಕೂಗಿ ಆಗಿತ್ತು. ಮೇಲ್ಮನವಿ ವಜಾ. ಅದರೊಂದಿಗೆ ತಡೆಯಾಜ್ಞೆಯೂ ಹೋಯಿತು.

ಒಬ್ಬ ಬರದಿದ್ದರೆ ಇನ್ನೊಬ್ಬ ನಿಂತು ಕಾಯುವುದು ಎಲ್ಲ ಕಡೆಯೂ ಇದ್ದೀತು ಎಂದು ನಂಬಿದ್ದು ನನ್ನ ದಡ್ಡತನ. ಆದರೆ ನಿಮ್ಮಲ್ಲೂ ಅದು ಇದೆ ಸ್ವಾಮಿ, ನಾನು ಕಣ್ಣಾರೆ ಕಂಡಿದ್ದೇನೆ. ಕರಿಕೋಟಿನ ಕಿರಿಯರೊಬ್ಬರು ಎದ್ದು, ನಮ್ಮ ಸೀನಿಯರ್ ಬೇರೆ ಹಾಲ್‌ನಲ್ಲಿ ವಾದ ಮಾಡುತ್ತಿದ್ದಾರೆ, ಸ್ವಲ್ಪ ಹೊತ್ತು ಬಿಟ್ಟು ಕರೆಯಿರಿ ಎನ್ನುತ್ತಾರೆ. ಕೇಸು ಮಧ್ಯಾಹ್ನಕ್ಕೆ ಹೋಗುತ್ತದೆ. ಅವರನ್ನು ಯಾರಾದರೂ ದಾಖಲೆ ಕೇಳುತ್ತಾರೆಯೇ? ಆ ಸೀನಿಯರೂ ಇನ್ನೊಂದು ಕಡೆ ಕೆಲಸದಲ್ಲಿದ್ದರು, ನಾನೂ ಇನ್ನೊಂದು ಕಡೆ ಕೆಲಸದಲ್ಲಿದ್ದೆ. ನನ್ನ ಕೆಲಸಕ್ಕೆ ಕೋಟು ಇಲ್ಲ, ಅಷ್ಟೇ ವ್ಯತ್ಯಾಸ.

ದಾಖಲೆ ತರಲು ಪ್ರಯತ್ನಿಸಲಿಲ್ಲವೆಂದು ತಿಳಿಯಬೇಡಿ. ಕಾರ್ಖಾನೆಯ ಆಫೀಸಿನ ಶ್ಯಾಮಲಾ ಮೇಡಂ ಬಳಿ ಒಂದು ಸಾಲು ಬರೆದುಕೊಡಿ ಎಂದು ಬೇಡಿಕೊಂಡೆ. ನಾನು ರಾತ್ರಿ ಪಾಳಿ ಮುಗಿಸಿ ಸರಿಯಾದ ಸಮಯಕ್ಕೇ ಹೊರಗೆ ಹೋಗಿದ್ದೇನೆಂದು ಕಂಪ್ಯೂಟರ್ ಹೇಳುತ್ತದಂತೆ. ಒಬ್ಬನನ್ನೇ ಪಾಳಿ ಮೇಲೆ ಪಾಳಿ ದುಡಿಸಿದ್ದೇವೆ ಎಂದು ಬರೆದುಕೊಟ್ಟರೆ ಕಾರ್ಮಿಕ ಇಲಾಖೆ ಬಾಗಿಲಿಗೆ ಬರುತ್ತದಂತೆ. ಹಾಗಾಗಿ ನನ್ನ ನಿಜಕ್ಕೆ ಮೊಹರು ಒತ್ತುವವರು ಯಾರೂ ಇಲ್ಲ. ಸುಳ್ಳಿಗೆ ಬೇಕಾದಷ್ಟು ಜನರಿದ್ದಾರೆ. ನಿಮ್ಮ ಗೇಟಿನ ಹೊರಗೆ ಮೇಜು ಹಾಕಿಕೊಂಡಿರುವ ಒಬ್ಬರು ನಾನು ಕೇಳುವ ಮೊದಲೇ ವಿಚಾರಿಸಿದರು: "ಜ್ವರ ಹಾಕ್ಸ್ಲಾ, ಬೇದಿ ಹಾಕ್ಸ್ಲಾ? ಬೇದಿಯಾದ್ರೆ ಯಾರೂ ಜಾಸ್ತಿ ಪ್ರಶ್ನೆ ಕೇಳಲ್ಲ ಸಾರ್."

ಆ ಬೇದಿಯನ್ನು ಅಫಿಡವಿಟ್‌ನಲ್ಲಿ ಬರೆದು, ಕೆಳಗೆ "ಮೇಲೆ ಹೇಳಿದ್ದೆಲ್ಲ ಸತ್ಯ" ಎಂದು ಸಹಿ ಮಾಡಿದರೆ ನಿಮ್ಮ ಕಚೇರಿಗೆ ಸಮಾಧಾನ. ಕಾರಣ ಸಾಕೋ ಸಾಲದೋ ಎಂದು ಹೇಳಬೇಕಾದದ್ದು ಪೀಠ. ಪೀಠದ ಬಾಗಿಲಿಗೆ ಅಡ್ಡ ನಿಂತು ಅದನ್ನು ತೀರ್ಮಾನಿಸಲು ನಿಮಗೆ ವಕಾಲತ್ತು ಕೊಟ್ಟವರು ಯಾರು?

ಮನೆಯಲ್ಲಿ ಇದನ್ನೇ ದೊಡ್ಡದಾಗಿ ಮಾತಾಡಿದೆ. ಮಹಾದೇವಿ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದಳು: "ನಿಮ್ಮ ಖರೇ ಹಿಡ್ಕೊಂಡು ಮಕ್ಕಳ್ನ ಎಲ್ಲಿ ಮಲಗಿಸ್ತೀರಿ?" ಮನೆ ಬಿಡಿಸಲು ಬರುವ ಕೋರ್ಟಿನ ಅಮೀನರು ಆಗಲೇ ಒಮ್ಮೆ ಬಂದು ಮನೆ ನೋಡಿಕೊಂಡು ಹೋಗಿದ್ದಾರೆ. ಮರುದಿನ ಅವಳೇ ಹೋಗಿ ಸರ್ಟಿಫಿಕೇಟು ಮಾಡಿಸಿಕೊಂಡು ಬಂದಳು. ಮೊಹರು ಬಹಳ ಸ್ಪಷ್ಟವಾಗಿದೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳನ್ನು ಆ ಮೇಜಿನವರೆಗೆ ನಡೆಸಿದ ನಿಮ್ಮ ಮೇಲಿದೆ, ಹೊಟ್ಟೆ ಉರಿಯುವಷ್ಟಿದೆ.

ಅರ್ಜಿ ಹಾಕಲು ಸೋಮವಾರ ಕೊನೆಯ ದಿನ. ನಿಮ್ಮ ಕೌಂಟರಿಗೆ ಎರಡು ಅರ್ಜಿ ತರುತ್ತೇನೆ. ಒಂದರಲ್ಲಿ ರುದ್ರೇಶನ ಮಗಳು ಹುಟ್ಟಿದ ಬೆಳಗ್ಗೆ ಇದೆ, ಮೊಹರಿಲ್ಲ. ಇನ್ನೊಂದರಲ್ಲಿ ನನಗಾಗದ ಬೇದಿ ಇದೆ, ಮೊಹರಿದೆ. ನನ್ನ ಒತ್ತಾಯ ಇಷ್ಟೇ: ಮೊದಲನೆಯದಕ್ಕೆ ನಂಬರು ಕೊಟ್ಟು ಇದ್ದಂತೆಯೇ ಪೀಠದ ಮುಂದಿಡಿ. ಆಗುವುದಿಲ್ಲವೆಂದರೆ ನೀವೇ ಹೊರಗೆ ಬಂದು, ಸಾಲಿನಲ್ಲಿ ನಿಂತ ಜನರೆದುರು, ಎರಡನೆಯದನ್ನು ನಿಮ್ಮ ಕೈಯಾರೆ ತೆಗೆದುಕೊಳ್ಳಿ. ನನ್ನ ಮಕ್ಕಳನ್ನು ಅಂದು ಶಾಲೆ ಬಿಡಿಸಿ ಕರೆತರುತ್ತೇನೆ. ಅವರೂ ನೋಡಲಿ.

ಇಂತಿ,
ದುರದೃಷ್ಟವಶಾತ್ ಆರೋಗ್ಯವಾಗಿರುವ,
ಬಸಲಿಂಗ
ತನ್ನ ವಕೀಲ ತಾನೇ ಆದ ಮೇಲ್ಮನವಿದಾರ
ಬಾಗಲಗುಂಟೆ (ಸದ್ಯಕ್ಕೆ)