ಹಾಡಿನ ಮೊದಲ ಹನ್ನೊಂದು ಸೆಕೆಂಡು

ಸೌತ್ ಸಿ, ನೈರೋಬಿ
ಬುಧವಾರ, 11 ಮಾರ್ಚ್ 2026

ಪ್ರೀತಿಯ ಚಿನ್ಮಯಣ್ಣನಿಗೆ,

ಚರ್ಚ್ ಆಫೀಸಿನವರಿಗೆ ತಿಳಿಯಲಿ ಅಂತ ಲಕೋಟೆಯ ಮೇಲೆ ಸಿಲಾಸ್ ಎಂದೇ ಬರೆದಿದ್ದೇನೆ. ಒಳಗೆ ಬರೆಯಲು ಕೈ ಬರಲಿಲ್ಲ. ನೀನು ದೀಕ್ಷಾಸ್ನಾನಕ್ಕೆ ನೀರಲ್ಲಿ ಮುಳುಗಿ ಸಿಲಾಸ್ ಆಗಿ ಎದ್ದು ಒಂದೂವರೆ ವರ್ಷವಾಯಿತು, ನನಗೆ ಇನ್ನೂ ಅಣ್ಣನೇ.

ಈ ಕಾಲದಲ್ಲಿ ಕಾಗದ ಯಾಕೆ ಅಂತ ನಗಬೇಡ. ವಾಯ್ಸ್ ನೋಟ್ ಕಳಿಸಿದರೆ ಅದೂ ಹಾಡಾಗಿಬಿಡುತ್ತದೆ ಎಂಬ ಭಯ. ತಮಾಷೆಗೆ ಬರೆದೆ, ಪೂರ್ತಿ ತಮಾಷೆಯಲ್ಲ.

ಮೊದಲು ಮುಖ್ಯವಾದದ್ದು. ಭಾನುವಾರ ನಿನ್ನ ಆಲ್ಬಮ್ ಬಿಡುಗಡೆಯಲ್ಲಿ ನಾನು ಸ್ಟೇಜ್ ಹತ್ತುವುದಿಲ್ಲ. ಎರಡು ಸಾವಿರ ಜನರ ಮುಂದೆ ಮೈಕ್ ಹಿಡಿದು, ಅಮ್ಮ ಕೊನೆ ಗಳಿಗೆಯಲ್ಲಿ ಯೇಸುವನ್ನು ಒಪ್ಪಿಕೊಂಡಳು, ನಾನು ಕಣ್ಣಾರೆ ಕಂಡೆ ಅಂತ ಸಾಕ್ಷಿ ಹೇಳು ಎಂದಿದ್ದೀಯ. ಕ್ಲಾಸಿನಲ್ಲಿ ಹಾಜರಿ ಹೇಳುವಾಗಲೇ ನಾನು ತೊದಲುತ್ತೇನೆ ಅಂತ ನಿನಗೆ ಗೊತ್ತು. ಆದರೆ ಕಾರಣ ಅದಲ್ಲ.

ನಾನು ಕಂಡಿಲ್ಲ. ಅಂಥದ್ದೇನೂ ನಡೆಯಲೇ ಇಲ್ಲ.

ಈ ಸಾಲು ಬರೆದು ಇಪ್ಪತ್ತು ನಿಮಿಷ ಕಾಲೇಜು ಲೈಬ್ರರಿಯ ಹೊರಗೆ ಓಡಾಡಿ ಬಂದೆ. ಈಗ ಪೂರ್ತಿ ಹೇಳುತ್ತೇನೆ.

ಅಮ್ಮ ಹೋದ ದಿನ ನೀನು ಎಲ್ಲ ಮುಗಿದ ಮೇಲೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದೆಯಲ್ಲ, ನನ್ನ ಬಗ್ಗೆ ಏನಂದಳು, ಏನಾದರೂ ಅಂದಳಾ ಅಂತ ಒಂದೇ ಸಮ ಕೇಳುತ್ತಿದ್ದೆ. ಮನೆಗೆ ಹೋದ ಮೇಲೂ ಮೆಸೇಜ್ ಮಾಡಿದೆ, ಮತ್ತೆ ಕುಡಿಯಬೇಕು ಅನಿಸುತ್ತಿದೆ ಪುಟ್ಟಿ ಅಂತ. ನನಗೆ ಹೆದರಿಕೆಯಾಯಿತು. ಇಂಡಿಯನ್ನರಿಗೆಲ್ಲ ನಾನೇ ರಾಜ ಅನ್ನುತ್ತಾ ಮುಹಿಂಡಿ ಕಿಂಗ್ ಅಂತ ಹೆಸರಿಟ್ಟುಕೊಂಡು ಕ್ಲಬ್ಬುಗಳಲ್ಲಿ ಹಾಡುತ್ತಿದ್ದಾಗ ನೀನು ಹೇಗಿದ್ದೆ ಅಂತ ಮರೆತಿಲ್ಲ. ನಿನ್ನ ಜೊತೆ ಹಾಡುತ್ತಿದ್ದ ಪಾರ್ಟ್ನರ್ ಮೊಂಬಾಸಾ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಸತ್ತಮೇಲೆ ಆರು ತಿಂಗಳು ಯಾರನ್ನೂ ಗುರುತಿಸದ ಹಾಗಿದ್ದೆ. ಆ ಚರ್ಚ್ ನಿನ್ನನ್ನು ಎತ್ತಿ ಕೂರಿಸಿತು, ಅದನ್ನು ನಾನು ಇಲ್ಲ ಅನ್ನುವುದಿಲ್ಲ. ಬದಲಾದ ಮೇಲೆ ಮೊದಲ ಸಲ ಮೈಸೂರಿನ ಹಾಸ್ಟೆಲ್‌ಗೆ ಫೋನ್ ಮಾಡಿ, ಊಟ ಆಯ್ತಾ ಪುಟ್ಟಿ ಅಂದೆ. ಹದಿನೇಳು ವರ್ಷದಲ್ಲಿ ನೀನು ಕೇಳಿದ ಮೊದಲ ಊಟ.

ಆ ಮನುಷ್ಯ ಉಳಿಯಲಿ ಅಂತ ಹನ್ನೊಂದು ಸೆಕೆಂಡಿನ ವಾಯ್ಸ್ ನೋಟ್ ಕಳಿಸಿದೆ. ಅಣ್ಣಾ, ಶಿ ಪ್ರೇಡ್. ನಿನ್ನ ಯೇಸು ಹೆಸರು ಹೇಳಿದಳು. ಶಿ ಸೆಡ್ ಆಮೆನ್.

ಸುಳ್ಳು. ಅಮ್ಮನ ಬಾಯಲ್ಲಿ ಟ್ಯೂಬ್ ಇತ್ತು, ಮಾತೇ ಇರಲಿಲ್ಲ.

ಹಾಸ್ಟೆಲ್‌ನಲ್ಲಿ ಪ್ರತಿ ಭಾನುವಾರ ಮನೆಗೆ ಕಾಗದ ಬರೆಯಬೇಕಿತ್ತು. ವಾರ್ಡನ್ ಕಮಲಾ ಮೇಡಂ ಓದಿದ ಮೇಲೇ ಅಂಟು ಹಾಕುತ್ತಿದ್ದುದು. ಜ್ವರದಲ್ಲಿ ಮಲಗಿಕೊಂಡೇ, ಆರೋಗ್ಯವಾಗಿದ್ದೇನೆ, ಸಾಂಬಾರ್ ಚೆನ್ನಾಗಿದೆ ಅಂತ ಬರೆದವಳು ನಾನು. ಓದುವವರಿಗೆ ಏನು ಬೇಕೋ ಅದನ್ನು ಬರೆಯುವುದನ್ನು ಏಳು ವರ್ಷ ಕಲಿತೆ. ನನ್ನ ಕನ್ನಡವೆಲ್ಲ ಆ ಕಾಗದಗಳದ್ದು.

ನೀನು ಆ ವಾಯ್ಸ್ ನೋಟನ್ನು ನಿನ್ನ ಹಾಡಿನ ಶುರುವಿಗೆ ಹಾಕುತ್ತೀಯ ಅಂತ ನನಗೇನು ಗೊತ್ತಿತ್ತು? ಮೊದಲ ಸಲ ಕೇಳಿದ್ದು ಕಾಲೇಜಿಗೆ ಹೋಗುವ ಮಟಾಟು ಮಿನಿಬಸ್ಸಿನಲ್ಲಿ. ಸೀಟು ನಡುಗುವಷ್ಟು ಬೇಸ್, ಅದರ ಮೇಲೆ ನನ್ನ ಧ್ವನಿ. ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು ನನ್ನ ಜೊತೆ ನನ್ನದೇ ಸುಳ್ಳು ಹೇಳುತ್ತಿದ್ದ, ಶಿ ಸೆಡ್ ಆಮೆನ್. ಎರಡು ಸ್ಟಾಪ್ ಮೊದಲೇ ಇಳಿದು ನಡೆದೆ. ಆಗಲೇ ನಿನಗೆ ಹೇಳಬೇಕಿತ್ತು. ಹಾಸ್ಟೆಲಿನಲ್ಲಿ ರೂಮ್‌ಮೇಟ್ ಆಗಿದ್ದ ಪ್ರಣತಿ ಮೈಸೂರಿನಿಂದ ಫೋನ್ ಮಾಡಿ, ನಿನ್ನಣ್ಣ ಸೂಪರ್ ಕಣೇ, ಕೇಳಿ ಅತ್ತುಬಿಟ್ಟೆ ಅಂದಳು. ಥ್ಯಾಂಕ್ಸ್ ಅಂದೆ.

ಈಗ ಅಪ್ಪನ ವಿಷಯ.

ಹೋದ ವಾರ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಸೂಪರ್‌ವೈಸರ್ ಗ್ಲೋರಿಯಾ ಅಪ್ಪನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬಾಸ್, ಮಮಾ ದೇವರ ಹತ್ತಿರ ಇದ್ದಾಳೆ, ಇನ್ನು ಅಳಬೇಡಿ ಅಂತ ತಾನೇ ಅತ್ತಳಂತೆ. ಫೋನಿನಲ್ಲಿ ಹಾಡು ಹಾಕಿ ಕೇಳಿಸಿದಳಂತೆ. ಅಪ್ಪ ಮನೆಗೆ ಬಂದು ಶೂ ಕೂಡ ಬಿಚ್ಚದೆ, ಇದು ನಿನ್ನ ಧ್ವನಿಯಾ ಪುಟ್ಟಿ ಅಂದರು. ಹೂಂ ಅಂದೆ. ನಿಜವಾ ಅಂದರು. ಅದಕ್ಕೂ ಹೂಂ ಅಂದೆ. ಕೂಗಾಡುತ್ತಾರೆ ಅಂದುಕೊಂಡಿದ್ದೆ. ಅವರು ಕೂಗಲಿಲ್ಲ. ಇಪ್ಪತ್ತೇಳು ವರ್ಷ ಜೊತೆಗಿದ್ದಳು, ನನ್ನ ಹತ್ರ ಒಂದು ಮಾತು ಹೇಳಬಾರದಿತ್ತಾ ಅಂದರು, ಅಷ್ಟೇ.

ನೀನಿಲ್ಲದ ಕಾರಣ ಪ್ರತಿ ತಿಂಗಳೂ ಅಮ್ಮನ ಮಾಸಿಕವನ್ನು ಅವರೇ ಮಾಡುತ್ತಿದ್ದರು. ಟೆರೇಸಿನಲ್ಲಿ ಪಿಂಡ ಇಟ್ಟು ಕಾಯುವಾಗ ಬರುವುದು ಇಲ್ಲಿನ ಕಾಗೆ, ಬಿಳಿ ಬನಿಯನ್ ಹಾಕಿಕೊಂಡಂಥದ್ದು. ಇದು ಲೆಕ್ಕಕ್ಕೆ ಬರುತ್ತಾ ಭಟ್ರೇ ಅಂತ ಅಪ್ಪ ಪ್ರತಿ ಸಲ ಕೇಳುವುದು, ನ್ಗಾರಾದ ವಾಮನ ಭಟ್ಟರು, ಈ ಊರಿಗೆ ಇದೇ ಕಾಗೆ ಸಾರ್, ಅಡ್ಜಸ್ಟ್ ಮಾಡ್ಕೊಳ್ಳಿ ಅನ್ನುವುದು. ಶನಿವಾರ ವರ್ಷಾಬ್ದಿಕ. ನಿನ್ನೆ ಅಪ್ಪ ಭಟ್ಟರಿಗೆ ಫೋನ್ ಮಾಡಿ, ಬರೋದು ಬೇಡ, ಅವಳ ದಾರಿ ಬೇರೆ ಆಗಿದೆ, ನಾನು ಕರೆದು ತೊಂದರೆ ಕೊಡಬಾರದು ಅಂದರು. ಆಮೇಲೆ ದೇವರ ಮನೆಯಿಂದ ಅಮ್ಮನ ಕುಂಕುಮದ ಬೆಳ್ಳಿ ಬಟ್ಟಲನ್ನು ತಂದು ಟವೆಲಿನಲ್ಲಿ ಸುತ್ತಿ, ಚಿನ್ಮಯ್‌ಗೆ ಕೊಡು, ಅವನೇ ಇಟ್ಟುಕೊಳ್ಳಲಿ ಅಂದರು. ಅದು ನನ್ನ ಬ್ಯಾಗಿನಲ್ಲಿದೆ. ಕಾಗದದ ಜೊತೆ ಕೊಡುವುದಿಲ್ಲ.

ನಿನ್ನ ದೇವರ ಬಗ್ಗೆ ನಾನೇನೂ ಹೇಳುತ್ತಿಲ್ಲ ಅಣ್ಣ. ಅಮ್ಮನನ್ನು ಅಲ್ಲಿಗೆ ಸೇರಿಸಿದ್ದು ನೀನಲ್ಲ, ನಾನು. ಹಾಡು ತೆಗೆ, ಬಿಡು, ನಿನಗೆ ಬಿಟ್ಟದ್ದು. ನನ್ನ ಹನ್ನೊಂದು ಸೆಕೆಂಡು ಮಾತ್ರ ತೆಗೆದುಬಿಡು. ಈ ಕಾಗದವನ್ನು ನಿನ್ನ ಚರ್ಚ್ ಆಫೀಸಿಗೆ ಕೊಟ್ಟು ನೇರ ಮನೆಗೆ ಹೋಗಿ ಅಪ್ಪನಿಗೆ ಹೇಳುತ್ತೇನೆ. ನೀನು ಓದುವ ಹೊತ್ತಿಗೆ ಅವರಿಗೆ ಗೊತ್ತಿರುತ್ತದೆ. ಶನಿವಾರ ಬಾ ಅಂತ ಕರೆಯುವ ಧೈರ್ಯ ನನಗಿಲ್ಲ.

ಊಟ ಬಿಡಬೇಡ. ಬಾಟಲಿ ಮುಟ್ಟಬೇಡ.

ನಿನ್ನ ತಂಗಿ,
ಅಪೇಕ್ಷಾ

ಮರೆತಿದ್ದು: ಮರೆತಿದ್ದಲ್ಲ, ಬರೆಯಲಿಲ್ಲ. ಟ್ಯೂಬ್ ಇರಲಿಲ್ಲ. ಬರೀ ಆಕ್ಸಿಜನ್ ಮಾಸ್ಕ್. ನಿನ್ನ ಹಾಡಿನ ಎರಡನೇ ಚರಣದಲ್ಲಿ ಬಾಗಿಲು ಮುಚ್ಚಿ ಮಗನನ್ನು ತಡೆದ ತಂದೆ ಬರುತ್ತಾರೆ. ಅವರು ತಡೆಯಲಿಲ್ಲ ಅಣ್ಣ. ಅವತ್ತು ಬೆಳಿಗ್ಗೆ ಎಂಟಕ್ಕೆ ಅಪ್ಪನೇ, ಅವನಿಗೆ ಫೋನ್ ಮಾಡು, ಬರಲಿ ಅಂದಿದ್ದರು. ನೀನು ಪಾಸ್ಟರನ್ನು ಕರೆತರುತ್ತೀಯ, ಅಮ್ಮನ ಮುಂದೆ ನಿನಗೂ ಅಪ್ಪನಿಗೂ ಜಗಳ ಆಗುತ್ತದೆ ಅಂತ ನಾನು ಅರ್ಧ ಗಂಟೆ ಬಿಟ್ಟು ಮಾಡೋಣ ಅಂದುಕೊಂಡೆ. ಆಮೇಲೆ ಇನ್ನರ್ಧ ಗಂಟೆ. ಫೋನ್ ಮಾಡದೆಯೇ, ಮಾಡಿದೆ ಅಂತ ಅಪ್ಪ ಅಮ್ಮ ಇಬ್ಬರಿಗೂ ಹೇಳಿದ್ದೆ. ಅಮ್ಮ ಮಾಸ್ಕ್ ಸರಿಸಿ, ಚಿನ್ನು ಎಲ್ಲಿ ಅಂದಾಗ, ಹರ್ಲಿಂಗ್‌ಹ್ಯಾಮ್‌ನಲ್ಲಿ ಜಾಮ್ ಅಮ್ಮ, ಬರ್ತಿದ್ದಾನೆ ಅಂದೆ. ಅವಳು ಬಾಗಿಲು ನೋಡುತ್ತಾ ಇದ್ದಳು. ಹನ್ನೊಂದೂವರೆಗೆ ಮತ್ತೊಂದು ಸಲ, ಜಾಮ್ ಬಿಡ್ತಾ ಅಂತ ಕೇಳಿದಳು. ಅದೇ ಕೊನೆಯ ಮಾತು. ಹಾಂ, ಬಿಡ್ತು ಅಂದೆ.