ಎಡಕ್ಕೆ, ಮೂವತ್ತು ಹೆಜ್ಜೆ

ಜನವರಿ 17, ಶುಕ್ರವಾರ

ಗಿಂಡಿ ರೈಲ್ವೆ ಸ್ಟೇಷನ್ ಮೆಟ್ಟಿಲಲ್ಲಿ ಮತ್ತೆ ಮಂಡಿ ನೋವು. ಆಫೀಸಿನಲ್ಲಿ ಹನ್ನೊಂದು ಕ್ಲೇಮ್ ಫೈಲು, ಒಂಬತ್ತರಲ್ಲಿ ಸುಳ್ಳು. ಮೂವತ್ತನಾಲ್ಕು ವರ್ಷ ಇನ್ಶೂರೆನ್ಸ್ ಆಫೀಸಿನಲ್ಲಿ ಕೂತು ಈ ತಮಿಳು ಊರವರ ಸುಳ್ಳನ್ನೆಲ್ಲ ಓದಿದ್ದೇನೆ. ಇನ್ನು ಹದಿನಾಲ್ಕು ತಿಂಗಳು. ಆಮೇಲೆ ಪೆನ್ಷನ್, ಆಮೇಲೆ ನಿದ್ದೆ.

ಮಧ್ಯಾಹ್ನ ಅಂದಾನಿಯ ಫೋನ್. ಬಂದೂಕಿನ ಲೈಸೆನ್ಸ್ ರಿನ್ಯೂವಲ್‌ಗೆ ಕಣ್ಣಿನ ಸರ್ಟಿಫಿಕೇಟ್ ಬೇಕಂತೆ. ಅವನ ಗ್ಲಾಕೋಮಾ ಕಣ್ಣಿಗೆ ಯಾರು ಕೊಡುತ್ತಾರೆ?

"ಬಂದೂಕು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿಬಿಡ್ತೀನೋ ಮಧು. ಮೂರು ವರ್ಷದಿಂದ ಒಂದು ಮೊಲಾನೂ ಬಿದ್ದಿಲ್ಲ ನನ್ನ ಕೈಯಾಗ. ಕಡೀ ಸಲ ಒಂದು ಮುಂಜಾನೆ ಹೋಗಿ ಬರೂಣು. ಬರ್ತೀಯಿಲ್ಲೋ?"

ಬರುವುದಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಪೆರಂಬೂರಿನಲ್ಲಿ ಪಕ್ಕದ ಮನೆಯವನಾಗಿದ್ದ ಕಾಲದಿಂದ ಸ್ನೇಹ. ಗದಗಿನವನು, ರೈಲ್ವೆ ಗಾರ್ಡ್ ಆಗಿ ರಿಟೈರ್ ಆದವನು. ನನ್ನ ಅಪ್ಪ ಹೋದಾಗ ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ನಮ್ಮವರಲ್ಲದವನು ಇವನೊಬ್ಬನೇ. ಬಂದೂಕು ಅವನ ಅಪ್ಪನದು. ಬೇಟೆ ಅಪರಾಧ ಎಂದು ಇಬ್ಬರಿಗೂ ಗೊತ್ತು. ಗೊತ್ತಿದ್ದೇ ವರ್ಷಕ್ಕೊಂದೆರಡು ಸಲ ಹೋಗುತ್ತಿದ್ದೆವು.

ನಾನು ಮೊಟ್ಟೆಯನ್ನೂ ಮುಟ್ಟದವನು. ನನ್ನ ಕೆಲಸ ನೋಡುವುದು ಮಾತ್ರ. ಅವನಿಗಿಂತ ಅರ್ಧ ಹೆಜ್ಜೆ ಮುಂದೆ ನಡೆದು, ಪ್ರಾಣಿ ಕಂಡಾಗ ಪಿಸುಗುಟ್ಟುವುದು — ಬಲಕ್ಕೆ, ನಲವತ್ತು ಹೆಜ್ಜೆ. ಎಡಕ್ಕೆ, ಇಪ್ಪತ್ತು. ನಾನು ಹೇಳಿದ ಕಡೆಗೆ ಅವನು ಬಂದೂಕಿನ ಕುದುರೆ ಎಳೆಯುತ್ತಾನೆ. ಕಣ್ಣು ಮಂಜಾದ ಮೇಲಂತೂ ನನ್ನ ಮಾತೇ ಅವನ ಗುರಿ.


ಜನವರಿ 18, ಶನಿವಾರ

ತಿರುವಳ್ಳೂರಿನಲ್ಲಿ ಪೆರುಮಾಳ್ ದರ್ಶನಕ್ಕೆ ಹೋಗುತ್ತೇವೆ ಎಂದು ಮಧುರಾಗೆ ಹೇಳಿದೆ. ನಂಬಿದಳು. ನನ್ನ ಹೆಂಡತಿ ದೇವರ ಹೆಸರು ಹೇಳಿದರೆ ಏನನ್ನೂ ನಂಬುತ್ತಾಳೆ.

"ವೆಯಿಲ್ ಏರೋಕ್ ಮುಂಚೆ ಬಂದ್ಬಿಡಿ. ಬರ್ತಾ ತುಳಸಿ ತನ್ನಿ," ಎಂದಳು. ಬಿಸಿಲಿಗೆ ತಮಿಳಿನ ವೆಯಿಲ್ ಎಂದೇ ಅವಳ ಬಾಯಿಗೆ ಬರುವುದು. ಟಿಫನ್ ಬಾಕ್ಸಿಗೆ ಮೊಸರನ್ನ ಕಟ್ಟಿಡುತ್ತೇನೆ ಎಂದಳು.

ಇದನ್ನು ಎಲ್ಲೂ ಬರೆದಿಲ್ಲ, ಇಲ್ಲಿ ಬರೆದಿಡುತ್ತೇನೆ. ಮೂರು ವರ್ಷದಿಂದ ಅಂದಾನಿಗೆ ತಪ್ಪು ದಿಕ್ಕು ಹೇಳುತ್ತಿದ್ದೇನೆ. ಮೊಲ ಬಲಕ್ಕಿದ್ದರೆ ಎಡಕ್ಕೆ ಎನ್ನುತ್ತೇನೆ. ಖಾಲಿ ಪೊದೆ ತೋರಿಸುತ್ತೇನೆ. ಅವನಿಗೆ ಈಡು ಹಾರಿಸಿದ ಖುಷಿ, ಮೊಲಕ್ಕೆ ಜೀವ, ನನಗೆ ಪುಕ್ಕಟೆ ಪುಣ್ಯ. "ಛೇ, ತಪ್ಪಿತು" ಎಂದು ಅವನ ಬೆನ್ನು ತಟ್ಟುತ್ತೇನೆ. ನಾಳೆಯೂ ಅಷ್ಟೇ. ಕಡೆಯ ಸಲ.


ಜನವರಿ 19, ಭಾನುವಾರ. ಮಧ್ಯಾಹ್ನ 3

ಮನೆಯಲ್ಲಿದ್ದೇನೆ. ಸ್ನಾನ ಎರಡು ಸಲ ಮಾಡಿದೆ. ಕ್ರಮವಾಗಿ ಬರೆಯಬೇಕು.

ನಾಲ್ಕಕ್ಕೆ ಹೊರಟೆವು. ಕಾರು ಅವನದು, ಓಡಿಸಿದ್ದು ನಾನು. ಊತ್ತುಕ್ಕೋಟೆ ದಾರಿ ಬಿಟ್ಟು ಮಣ್ಣು ರಸ್ತೆ. ಐದೂಮುಕ್ಕಾಲಿಗೆ ಗುಡ್ಡದ ಬುಡದ ಕುರುಚಲು ಕಾಡು. ಮಂಜು. ಅಂದಾನಿ ಮದುವೆಗೆ ಹೊರಟವನ ಹಾಗೆ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ.

ಮೊದಲು ಒಂದು ಮೊಲ. ಗೆಣಸಿನ ಹೊಲದ ಬದುವಿನ ಮೇಲೆ ಕಿವಿ ನಿಮಿರಿಸಿ ಕೂತಿತ್ತು. ಬಲಕ್ಕೆ. ಎಡಕ್ಕೆ, ಇಪ್ಪತ್ತು ಎಂದೆ. ಢಂ. ಮಣ್ಣು ಹಾರಿತು. ಮೊಲ ಓಡಿತು.

"ಹೋತಲ್ಲೋ," ಎಂದ. ನಕ್ಕ. ನಗು ಒಣಗಿತ್ತು. "ಮುಗೀತಪಾ ನಂದು. ನನ್ನಪ್ಪ ಎಂಬತ್ತರಾಗ ಹಾರೂ ಹಕ್ಕಿ ಹೊಡೀತಿದ್ದ."

ಆಗಲೇ ಹೇಳಬಹುದಿತ್ತು.

ಇನ್ನೂ ಒಂದು ಗಂಟೆ ನಡೆದೆವು. ಗಾಳಿ ಎದುರಿಗೆ ಬೀಸುತ್ತಿತ್ತು, ಅದನ್ನು ಕೆನ್ನೆಯಲ್ಲೇ ಹಿಡಿದು ನಡೆಯುತ್ತಾನೆ ಅವನು. ಹಿಕ್ಕೆ ಕಂಡಿತು. ಬಗ್ಗಿ ಮುಟ್ಟಿ, ಬೆಚ್ಚಗದ ಎಂದ. ಮೊಣಕಾಲೂರಿ ತೆವಳಿದೆವು. ಮಂಡಿ ನೋವಿಗೆ ನನ್ನ ಪ್ರಾಣ ಹೋಯಿತು. ಎದ್ದು ನೋಡಿದರೆ — ಬಲಕ್ಕೆ, ಮೂವತ್ತು ಹೆಜ್ಜೆ ಕೂಡ ಇಲ್ಲ, ಹೆಣ್ಣು ಜಿಂಕೆ. ಬೆನ್ನ ಚುಕ್ಕೆ ಎಣಿಸಬಹುದಾದಷ್ಟು ಹತ್ತಿರ. ಮೇಯುವುದು ನಿಲ್ಲಿಸಿ ನನ್ನನ್ನೇ ನೋಡಿತು.

"ಎಲ್ಲೈತಿ? ಮಧು, ಎಲ್ಲೈತಿ?"

ಎಡಕ್ಕೆ ಒಂದು ದೊಡ್ಡ ಕಾರೆ ಪೊದೆ. ಅದರತ್ತ ಒಮ್ಮೆ ನೋಡಿದೆ. ನೋಡಿದೆನೇ? ನೋಡಿದೆ ಎಂದೇ ನೆನಪು. ಏನೂ ಅಲುಗುತ್ತಿರಲಿಲ್ಲ. ಎಡಕ್ಕೆ, ಮೂವತ್ತು ಹೆಜ್ಜೆ, ಪೊದೆ ಮಗ್ಗುಲಲ್ಲಿ ಎಂದೆ.

ಹೊಡೆದ.

ಜಿಂಕೆ ನೆಗೆದು ಮಾಯವಾಯಿತು. ಪೊದೆಯ ಹಿಂದಿನಿಂದ ಒಂದು ಹೆಣ್ಣು ದನಿ — ಅಮ್ಮಾ.

ಐವತ್ತರ ಆಸುಪಾಸಿನ ಹೆಂಗಸು. ತೊಡೆಯಿಂದ ಮಂಡಿಯವರೆಗೆ ಚರೆಗುಂಡು ಹೊಕ್ಕಿತ್ತು. ಸೀರೆ ನೆನೆದಿತ್ತು. ಅಂದಾನಿ ಬಂದೂಕು ಎಸೆದು ಓಡಿದ. ತನ್ನ ಇಸ್ತ್ರಿ ಅಂಗಿ ಬಿಚ್ಚಿ ಕಾಲಿಗೆ ಕಟ್ಟಿದ. ಇಬ್ಬರೂ ಹೊತ್ತು ಕಾರಿಗೆ ತಂದೆವು. ತಮಿಳಿನಲ್ಲಿ ಹೆಸರು ಕೇಳಿದೆ. ಕರಿಯಮ್ಮ ಎಂದಳು. ಕುರಿಮರಿ ಹುಡುಕಿಕೊಂಡು ಬಂದಿದ್ದಳಂತೆ. ಅದರ ಮೇಲೆ ಮಾತಿಲ್ಲ, ನರಳಾಟ ಮಾತ್ರ.

ಕಾರಿನಲ್ಲಿ ನಾನು ಕನ್ನಡದಲ್ಲಿ ಏನೇನು ಬಡಬಡಿಸಿದೆ ಎಂದು ನೆನೆದರೆ ಮೈ ಉರಿಯುತ್ತದೆ. ಕೇಸಾದರೆ ಸಸ್ಪೆನ್ಷನ್, ಪೆನ್ಷನ್ ಹೋಗುತ್ತದೆ, ಮಧುರಾಗೆ ಏನು ಹೇಳಲಿ, ಇದನ್ನೇ. ಹಿಂದಿನ ಸೀಟಿನಲ್ಲಿ ಒಂದು ಜೀವ ಒದ್ದಾಡುತ್ತಿದೆ, ಮುಂದಿನ ಸೀಟಿನಲ್ಲಿ ನಾನು ಪೆನ್ಷನ್ ಲೆಕ್ಕ ಹಾಕುತ್ತಿದ್ದೇನೆ.

ಆಸ್ಪತ್ರೆಗೆ ಎರಡು ಕಿಲೋಮೀಟರ್ ಇರುವಾಗ ಅಂದಾನಿ ನಿಲ್ಲಿಸು ಎಂದ.

"ನೀ ಇಳಿ. ಬಸ್ ಹಿಡಿದು ಮನೀಗೆ ಹೋಗು. ನಾ ಒಬ್ಬನ ಇದ್ದೆ."

"ನಿನ್ ಕಣ್ಣಲ್ಲಿ ಹೇಗೋ ಓಡಿಸ್ತೀಯ?"

"ನಟ್ಟ ನಡುವು ಕಾಣ್ತೈತಿ. ಸಾಕು ಅಷ್ಟು. ಇಳಿಯೋ ಮಾರಾಯ, ಆಕಿ ರಕ್ತ ಹೋಗಾಕತ್ತೈತಿ."

ತಿರುಗಿ ಅವಳಿಗೆ ತಮಿಳಿನಲ್ಲಿ, ನಾನೊಬ್ಬನೇ ಇದ್ದೆ ಎಂದು ಹೇಳಮ್ಮ ಎಂದು ಕೈ ಮುಗಿದ. ಅವಳು ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದಳು.

ಇಳಿದೆ.

ಬರುತ್ತಾ ತುಳಸಿ ತಂದೆ. ಮಧುರಾ ದೇವರಿಗೆ ಏರಿಸಿದಳು.


ಜನವರಿ 20, ಸೋಮವಾರ

ಆಫೀಸಿಗೆ ಹೋದೆ. ಬಂದೆ.

ರಾತ್ರಿ ಅಂದಾನಿಯ ಫೋನ್. ಠಾಣೆಯಲ್ಲಿ ತಾನೊಬ್ಬನೇ ಇದ್ದೆ ಎಂದು ಬರೆದುಕೊಟ್ಟಿದ್ದಾನೆ. ಬಂದೂಕು, ಕಾರು ಎರಡೂ ಅವರ ವಶ. ಫಾರೆಸ್ಟಿನವರ ಕೇಸು ಬೇರೆ. ಹೆಂಗಸಿಗೆ ಆಪರೇಷನ್ ಆಗಿದೆಯಂತೆ, ಕಾಲು ಉಳಿಯುತ್ತದಂತೆ. ಕಾಲು ಉಳಿಯುತ್ತದೆ ಎಂಬುದನ್ನು ಮೂರು ಸಲ ಹೇಳಿದ.


ಜನವರಿ 21

ಏನೂ ಬರೆಯಲಾರೆ.


ಜನವರಿ 25, ಶನಿವಾರ. ಏಕಾದಶಿ

ಉಪವಾಸ. ಹೇಗೂ ಮೂರು ದಿನದಿಂದ ಊಟ ಸೇರುತ್ತಿರಲಿಲ್ಲ, ಇವತ್ತು ಕಾರಣ ಹೇಳುವುದು ತಪ್ಪಿತು.

ಸಂಜೆ ಪೆರಂಬೂರಿಗೆ ಹೋದೆ. ಅಂದಾನಿಗೆ ಸೋಮವಾರವೇ ಜಾಮೀನು ಸಿಕ್ಕಿತ್ತು. ಒಂದು ವಾರದಲ್ಲಿ ಹತ್ತು ವರ್ಷ ಮುಪ್ಪಾಗಿದ್ದಾನೆ. ಹೆಂಡತಿ ಹೋದ ಮೇಲೆ ಒಬ್ಬನೇ ಚೆನ್ನಾಗಿ ಅಡುಗೆ ಮಾಡಿಕೊಳ್ಳುತ್ತಿದ್ದವನು. ಒಲೆಯ ಮೇಲೆ ಏನೂ ಇರಲಿಲ್ಲ. ದಿನಾ ಎರಡು ಬಸ್ಸು ಬದಲಿಸಿ ಆಸ್ಪತ್ರೆಗೆ ಹೋಗುತ್ತಾನೆ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಬರುತ್ತಾನೆ.

"ಜಿಂಕಿ ಅಲ್ಲೇ ಇತ್ತು. ನೀ ಬರೋಬ್ಬರಿ ಹೇಳಿದ್ದಿ," ಎಂದ. "ನನ್ನ ಕಣ್ಣ ಕೈಕೊಟ್ಟೂವು. ಜಿಂಕಿ ಬಿಟ್ಟು ಆಕಿಗೆ ಬಿತ್ತು. ಕುರುಡ ಬಂದೂಕು ಹಿಡೀಬಾರದಿತ್ತು, ಮಧು. ಮೂರು ವರ್ಷದಿಂದ ದೇವರು ಹೇಳಾಕತ್ತಿದ್ದ, ನಿನ್ನ ಗುರಿ ಹೋಗೇತಿ, ಬಿಡು ಬಿಡು ಅಂತ. ನಾ ಕೇಳಲಿಲ್ಲ."

ಅತ್ತ. ಅರವತ್ತೇಳರ ಗಂಡಸು, ಟವೆಲ್ ಬಾಯಿಗೆ ಒತ್ತಿಕೊಂಡು ಅತ್ತ.

ಹೇಳಲೆಂದೇ ಹೋಗಿದ್ದೆ. ಕುಡಿಯಲು ನೀರು ಕೊಟ್ಟೆ. ಹಾಗೆಲ್ಲ ಅಂದುಕೊಳ್ಳಬೇಡ ಎಂದೆ. ಎದ್ದು ಬಂದೆ. ಹೇಡಿ ಎಂಬ ಮಾತು ಬೇರೆಯವರ ಫೈಲಿನಲ್ಲಿ ಎಂದೂ ಬರೆದಿಲ್ಲ. ನನ್ನದರಲ್ಲಿ ಬರೆಯಬಹುದು.


ಫೆಬ್ರವರಿ 2, ಭಾನುವಾರ. ಸಂಜೆ

ಆಸ್ಪತ್ರೆಗೆ ಹೋಗಿದ್ದೆ. ಭಾನುವಾರ ಆ ಕಡೆಗೆ ಬಸ್ಸು ಕಡಿಮೆ, ಅಂದಾನಿ ಬರುವುದಿಲ್ಲ ಎಂದು ನೋಡಿಕೊಂಡೇ ಹೋದೆ. ಕಿತ್ತಳೆ ತೆಗೆದುಕೊಂಡೆ. ಯಾಕೆ ಹೋದೆ? ಅವಳು ಚೆನ್ನಾಗಿದ್ದಾಳೆ ಎಂದು ಕಣ್ಣಾರೆ ಕಂಡರೆ ನಿದ್ದೆ ಬರಬಹುದು ಎಂದು. ಅಷ್ಟೇ. ಬೇರೆ ದೊಡ್ಡ ಕಾರಣವೇನೂ ಇಲ್ಲ.

ಕಿಟಕಿ ಪಕ್ಕದ ಮಂಚ. ಕಾಲು ದಿಂಬಿನ ಮೇಲೆ. ನನ್ನನ್ನು ಕಂಡೊಡನೆ ಗುರುತು ಹಿಡಿದಳು. ತಮಿಳಿನಲ್ಲಿ ಹೇಗಿದ್ದೀರಮ್ಮ ಎಂದೆ. ಅವಳು ಉತ್ತರ ಕೊಟ್ಟದ್ದು ಕನ್ನಡದಲ್ಲಿ.

"ಇದೀನಿ ಸಾಮಿ. ಕೂತ್ಕೋ."

ನಿಂತೇ ಇದ್ದೆ. ನಿಮಗೆ ಕನ್ನಡ ಬರುತ್ತದೆಯೇ ಎಂದು ಕೇಳಿರಬೇಕು.

"ನಾವು ಕುರುಂಬರು. ಕುರಿ ಕಾಯೋರು. ಮನೆಯಾಗೆ ಇದೇ ಮಾತು, ಹೊರಗೆ ತಮಿಳು. ನಮ್ಮ ಊರಾಗೆ ಇಪ್ಪತ್ತು ಮನೆ ಐತೆ."

ನಲವತ್ತು ವರ್ಷ ಈ ಊರಲ್ಲಿ ನಮ್ಮ ಗುಟ್ಟನ್ನೆಲ್ಲ ಕನ್ನಡದಲ್ಲಿ ಆಡಿದ್ದೇವೆ — ಬಸ್ಸಿನಲ್ಲಿ, ಅಂಗಡಿಯಲ್ಲಿ, ಕಾಡಿನಲ್ಲಿ. ಯಾರಿಗೂ ತಿಳಿಯದು ಎಂಬ ಧೈರ್ಯ. ಕಾರಿನಲ್ಲಿ ನಾನಾಡಿದ ಒಂದೊಂದು ಮಾತೂ ಅವಳಿಗೆ ತಿಳಿದಿದೆ. ಪೆನ್ಷನ್ ಸಮೇತ.

ಅವಳು ಅದರ ಸುದ್ದಿ ಎತ್ತಲಿಲ್ಲ. ಕಿತ್ತಳೆಯನ್ನು ಮಂಚದ ಪಕ್ಕ ಇಟ್ಟುಕೊಂಡು, ಮೆಲ್ಲಗೆ, ಬೇರೆಯವರಿಗೆ ಕೇಳದ ಹಾಗೆ ಹೇಳಿದಳು.

"ಬಂದೂಕು ಕಂಡು ಹೆದರಿ ಪೊದೆ ಹಿಂದೆ ಕೂತಿದ್ದೆ. ಜಿಂಕೆ ಬಲಕ್ಕೆ ನಿಂತಿತ್ತು. ನಾನೂ ನೋಡ್ದೆ, ನೀನೂ ನೋಡ್ದೆ. ನೀನು ಅದನ್ನ ನೋಡ್ಕೊಂಡೇ ಎಡಕ್ಕೆ ಅಂದೆ. ಪೊದೆ ಅಂದೆ. ಕೂಗೋಣ ಅಂತ ಎದ್ದೆ, ಅಷ್ಟರಾಗೆ ಈಡು ಬಿತ್ತು."

ದಿಂಬಿನ ಮೇಲಿನ ಕಾಲನ್ನು ಕೈಯಿಂದ ಸರಿಪಡಿಸಿಕೊಂಡಳು.

"ಹದಿನಾಲ್ಕು ದಿನದಿಂದ ಇಲ್ಲಿ ಮಲಗಿ ಇದನ್ನೇ ಯೋಚಿಸ್ತಾ ಇದೀನಿ. ನನ್ನ ಕಂಡೇ ಹೇಳಿದೆ ಅಂತ. ಯಾಕೆ ಸಾಮಿ? ನಾ ನಿನಗೇನು ಮಾಡಿದ್ದೆ?"

ಕಾಣಲಿಲ್ಲ ತಾಯಿ ಎಂದೆ. ಪೊದೆ ಖಾಲಿ ಎಂದುಕೊಂಡೆ. ಜಿಂಕೆ ಉಳಿಯಲಿ ಎಂದು ಸುಳ್ಳು ಹೇಳಿದೆ. ಮೂರು ವರ್ಷದಿಂದ ಅವನಿಗೆ ಹೀಗೇ ಹೇಳುತ್ತಿದ್ದೇನೆ. ಎಲ್ಲ ಹೇಳಿದೆ. ಹೆಂಡತಿಗೆ ಹೇಳದ್ದನ್ನು, ಸ್ನೇಹಿತನಿಗೆ ಹೇಳದ್ದನ್ನು, ಆ ವಾರ್ಡಿನಲ್ಲಿ ಡೆಟಾಲ್ ವಾಸನೆಯ ನಡುವೆ ನಿಂತು ಹೇಳಿದೆ. ಅತ್ತೆನೋ ಏನೋ. ಪಕ್ಕದ ಮಂಚದವಳು ನೋಡುತ್ತಿದ್ದಳು.

ಕರಿಯಮ್ಮ ನನ್ನ ಮುಖ ನೋಡಿದಳು. ನಂಬಿದಳೋ ಇಲ್ಲವೋ. ಒಂದು ಕಿತ್ತಳೆ ಕೈಗೆತ್ತಿಕೊಂಡಳು.

"ಜಿಂಕೆಗೆ ಮರುಗ್ದೆ. ಸರಿ." ಆಮೇಲೆ, "ನಾ ಯಾರಿಗೂ ಹೇಳಲ್ಲ. ಒಬ್ಬನೇ ಇದ್ದ ಅಂತ ಆ ಅಯ್ಯನಿಗೆ ಮಾತು ಕೊಟ್ಟೀನಿ. ಆದ್ರೆ ಅವನು ದಿನಾ ಬಂದು ಬಾಗಿಲಾಗೆ ಕೂತು ಅಳ್ತಾನೆ. ನನ್ನ ಕೈಲಿ ನೋಡೋಕಾಗಲ್ಲ. ಅವನಿಗೆ ನೀನೇ ಹೇಳು."

ಬಸ್ಸಿನಲ್ಲಿ ಕೂತಿದ್ದಷ್ಟು ಹೊತ್ತೂ ಅವಳ ಮೊದಲ ಪ್ರಶ್ನೆಯೇ ಕಿವಿಯಲ್ಲಿ. ಹದಿನಾಲ್ಕು ದಿನ ಅವಳು ತನ್ನನ್ನು ಯಾರೋ ಬೇಕೆಂದೇ ಹೊಡೆಸಿದರು ಎಂದುಕೊಂಡು ಮಲಗಿದ್ದಳು. ಹಾಗಿದ್ದೂ ನನ್ನ ಹೆಸರು ಬಾಯಿಬಿಡಲಿಲ್ಲ. ಬಹಳ ದಣಿದಿದ್ದೇನೆ. ಇದು ಮಂಡಿಯ ದಣಿವಲ್ಲ.


ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 6.10

ಅಂದಾನಿಗೆ ಫೋನ್ ಮಾಡಿದೆ. ಎದ್ದಿದ್ದ. ಏನೂ ಪೀಠಿಕೆ ಹಾಕಲಿಲ್ಲ. ಜಿಂಕೆ ಬಲಕ್ಕಿತ್ತು, ನಾನು ಎಡಕ್ಕೆ ಎಂದೆ, ಬೇಕೆಂದೇ ಎಂದೆ.

ಫೋನಿನಲ್ಲಿ ಎಲ್ಲೋ ರೈಲು ಹೋದ ಸದ್ದು.

"ಅಂದ್ರ ನನ್ನ ಈಡು ನೀ ಹೇಳಿದಲ್ಲೇ ಬಿತ್ತು?"

"ಹೂಂ."

"ಅದಕ್ಕ ಮೊದಲಿಂದು? ಬದುವಿನ ಮ್ಯಾಲಿನ ಮೊಲ?"

"ಅದೂ ಅಷ್ಟೇ."

"ಮೂರು ವರ್ಷದ್ದು ಅಷ್ಟೂ?"

"ಅಷ್ಟೂ."

ಬೈಯಲಿ ಎಂದು ಕಾಯುತ್ತಿದ್ದೆ. ಬೈಯಲಿಲ್ಲ.

"ನಾ ಕುರುಡಾದೆ ಅಂತ ಅಪ್ಪನ ಫೋಟೋದ ಮುಂದ ನಿಂತು ತಪ್ಪು ಒಪ್ಪಿಕೊಂಡೀನಲ್ಲೋ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ. ಫೋನ್ ಇಟ್ಟ.

ಮತ್ತೆ ಮಾಡಿದೆ. ಎತ್ತಲಿಲ್ಲ. ಇನ್ನೊಮ್ಮೆ. ಇಲ್ಲ.

6.50

ಆಫೀಸಿಗೆ ರಜೆ ಮೆಸೇಜ್ ಕಳಿಸಿದೆ. ಹತ್ತಕ್ಕೆ ಠಾಣೆ. ಇಬ್ಬರಿದ್ದೆವು ಎಂದು ಬರೆದುಕೊಡುತ್ತೇನೆ. ಪೆನ್ಷನ್ ಏನಾಗುತ್ತದೋ ಆಗಲಿ. ಇದರಿಂದ ಅಂದಾನಿ ಫೋನ್ ಎತ್ತುತ್ತಾನೆ ಎಂದೇನೂ ಅಲ್ಲ. ಎತ್ತುವುದಿಲ್ಲ.

ಮಧುರಾ ಎದ್ದಿದ್ದಾಳೆ. ಕಾಫಿ ತಂದು ಎದುರು ಕೂತಿದ್ದಾಳೆ. "ಏನ್ರೀ, ಇಷ್ಟ್ ಬೆಳಿಗ್ಗೆ ಯಾರ ಹತ್ರ ಮಾತಾಡ್ತಿದ್ರಿ? ಮುಖ ಯಾಕೆ ಹೀಗಿದೆ?"

ಬರೆದು ಮುಗಿಸಿ ಹೇಳುತ್ತೇನೆ ಎಂದೆ. ಕಾಯುತ್ತಿದ್ದಾಳೆ. ಲೋಟ ತಣ್ಣಗಾಗುತ್ತಿದೆ. ಅವಳಿಗೆ ಎಲ್ಲಿಂದ ಶುರುಮಾಡಲಿ? ಮೊದಲು ನಾನು ಆ ಪೊದೆಯ ಕಡೆ ನಿಜವಾಗಿಯೂ ನೋಡಿದೆನೋ ಇಲ್ಲವೋ ಎಂಬುದನ್ನು ನನಗೆ ನಾನೇ ಹೇಳಿಕೊಳ್ಳಬೇಕು.